ಟವರಿನ ಆಂಟೆನಾ ಅಲುಗದೆ ನಮ್ಮತ್ತ ತಿರುಗುವುದು ಹೇಗೆ?

ಪ್ರಶ್ನೆ: ಪರ್ಯಾಯ ಉತ್ಸವದ ದಿನ ಉಡುಪಿ ರಥಬೀದಿಯಲ್ಲಿ ನಿಂತರೆ ಮೊಬೈಲಿನಲ್ಲಿ ಸಿಗ್ನಲ್ ಕಡ್ಡಿ ಎಲ್ಲ ಭರ್ತಿ ಇರುತ್ತದೆ, ಆದರೆ ಮನೆಯವರಿಗೆ ಒಂದು ಫೋಟೋ ಕಳಿಸಲು ಆಗುವುದಿಲ್ಲ. 5ಜಿ ಟವರಿನ ಸ್ಮಾರ್ಟ್ ಆಂಟೆನಾ ಒಬ್ಬೊಬ್ಬರ ಕಡೆಗೇ ತಿರುಗಿ ಸಿಗ್ನಲ್ ಕೊಡುತ್ತದೆ ಎನ್ನುತ್ತಾರೆ. ಎಷ್ಟು ಹೊತ್ತು ನೋಡಿದರೂ ಅದು ತಿರುಗಿದ್ದು ನನಗೆ ಕಾಣಲಿಲ್ಲ. ನಿಜವಾಗಿ ಅಲ್ಲಿ ಏನು ನಡೆಯುತ್ತದೆ?

ಉತ್ತರ: ಮೊದಲು ಕಡ್ಡಿಯ ವಿಷಯ. ಟವರಿನ ದನಿ ನಿಮಗೆ ಎಷ್ಟು ಜೋರಾಗಿ ಕೇಳುತ್ತಿದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ನಿಮ್ಮ ಸರದಿ ಯಾವಾಗ ಎಂದು ಹೇಳುವುದಿಲ್ಲ. ಹಳೆಯ ಬಗೆಯ ಆಂಟೆನಾ ಸುಮಾರು 120 ಡಿಗ್ರಿಯಷ್ಟು ಅಗಲಕ್ಕೆ, ಕೇಳುವವರು ಹತ್ತು ಜನರಿರಲಿ ಹತ್ತು ಸಾವಿರ ಇರಲಿ, ಒಂದೇ ಸಮನೆ ಸಿಗ್ನಲ್ ಚೆಲ್ಲುತ್ತದೆ. ಜನವರಿ 18ರ ನಸುಕಿನಲ್ಲಿ ಜೋಡುಕಟ್ಟೆಯಿಂದ ಹೊರಟ ಮೆರವಣಿಗೆ ರಥಬೀದಿಗೆ ಬರುವ ಹೊತ್ತಿಗೆ ಆ ಅಗಲದೊಳಗೆ ಇರುವ ಫೋನುಗಳನ್ನು ಲೆಕ್ಕ ಹಾಕಿ. ಊಟದ ಪಂಕ್ತಿ ಬೀದಿಯುದ್ದಕ್ಕೂ ಕುಳಿತಿದೆ, ಬಡಿಸುವವನು ಒಬ್ಬನೇ. ಅನ್ನ ಇಲ್ಲವೆಂದಲ್ಲ, ನಿಮ್ಮ ಎಲೆಯ ತನಕ ಅವನು ಬರಬೇಕು.

ಇನ್ನು ತಿರುಗುವ ಮಾತು. ರಾತ್ರಿ ಅಂಗಳದಲ್ಲಿ ನಿಂತಾಗ ದೂರದಲ್ಲೆಲ್ಲೋ ಯಕ್ಷಗಾನದ ಚೆಂಡೆ ಕೇಳಿದರೆ, ಅದು ಯಾವ ದಿಕ್ಕಿನ ಬಯಲಿನಲ್ಲಿ ಎಂದು ತಲೆ ಅಲ್ಲಾಡಿಸದೆಯೇ ಗೊತ್ತಾಗುತ್ತದೆ. ನಮ್ಮ ಕಿವಿಗಳು ತಿರುಗುವುದಿಲ್ಲ. ಬಲಗಿವಿಗೆ ಬಂದ ಪೆಟ್ಟು ಎಡಗಿವಿಗೆ ಒಂದಿಷ್ಟು ತಡವಾಗಿ ಬರುತ್ತದೆ. ಆ ತಡ ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ, ಆದರೂ ಮಿದುಳು ಅದರಿಂದಲೇ ದಿಕ್ಕನ್ನು ಕಂಡುಹಿಡಿಯುತ್ತದೆ.

ಟವರಿನದು ಇದೇ ಉಪಾಯ. ಅಲ್ಲಿ ಎರಡು ಕಿವಿಗಳ ಬದಲು 32 ಅಥವಾ 64, ಕೆಲವೊಮ್ಮೆ ಇನ್ನೂ ಹೆಚ್ಚು ಪುಟ್ಟ ಆಂಟೆನಾಗಳು ಒಂದೇ ಹಲಗೆಯ ಮೇಲೆ ಕೂತಿರುತ್ತವೆ. 5ಜಿಗೆ ನಮ್ಮಲ್ಲಿ ಹೆಚ್ಚಾಗಿ ಬಳಸುವ 3.5 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಒಂದು ಅಲೆಯ ಉದ್ದ ಸುಮಾರು 8.6 ಸೆಂಟಿಮೀಟರ್. ಪಕ್ಕಪಕ್ಕದ ಎರಡು ಆಂಟೆನಾಗಳ ನಡುವೆ ಅದರ ಅರ್ಧ, ಅಂದರೆ 4.3 ಸೆಂ.ಮೀ. ಬಿಟ್ಟಿದ್ದಾರೆ ಎನ್ನಿ. ನಿಮ್ಮ ಫೋನಿನ ಅಲೆ ನೇರ ಎದುರಿನಿಂದ ಬಂದರೆ ಎರಡಕ್ಕೂ ಒಟ್ಟಿಗೆ ತಾಗುತ್ತದೆ. 30 ಡಿಗ್ರಿ ಓರೆಯಿಂದ ಬಂದರೆ ಎರಡನೆಯದಕ್ಕೆ ಕಾಲು ಅಲೆಯಷ್ಟು ತಡವಾಗಿ ತಾಗುತ್ತದೆ. ಉತ್ತರ ಕೊಡುವಾಗ ಟವರು ಇದನ್ನೇ ತಿರುವುಮುರುವು ಮಾಡುತ್ತದೆ: ಯಾವ ಆಂಟೆನಾಕ್ಕೆ ಅಲೆ ತಡವಾಗಿ ಬಂದಿತ್ತೋ ಅದನ್ನು ಅಷ್ಟೇ ಮುಂಚಿತವಾಗಿ ಹೊರಡಿಸುತ್ತದೆ. ಎಲ್ಲ ಅಲೆಗಳೂ ನೀವಿರುವ ಜಾಗದಲ್ಲಿ ಏರಿಗೆ ಏರು, ಇಳಿತಕ್ಕೆ ಇಳಿತ ಸೇರುತ್ತವೆ. ಹಾಗೆ ಸೇರಿದಾಗ, ಅಷ್ಟೇ ವಿದ್ಯುತ್ತಿನಲ್ಲಿ, ಒಂದೇ ಆಂಟೆನಾದಿಂದ ಸಿಗುವುದಕ್ಕಿಂತ 64 ಪಟ್ಟು ಬಲ ನಿಮ್ಮ ಕಡೆಗೆ ಬರಬಲ್ಲದು. ಕಬ್ಬಿಣ ಅಲುಗಲಿಲ್ಲ, ಲೆಕ್ಕ ತಿರುಗಿತು. ಇದಕ್ಕೆ ಬೀಮ್‌ಫಾರ್ಮಿಂಗ್ ಎಂದು ಹೆಸರು.

ಆದರೆ ನನ್ನ ಮಟ್ಟಿಗೆ ಇದರ ನಿಜವಾದ ಜಾಣತನ ಜೋರಾಗಿ ಕೇಳಿಸುವುದರಲ್ಲಿ ಇಲ್ಲ, ಕೇಳಿಸದಂತೆ ಮಾಡುವುದರಲ್ಲಿದೆ. ನಿಮಗಾಗಿ ಹೊರಟ ಅಲೆಗಳು ಬೀದಿಯ ಆಚೆ ತುದಿಯಲ್ಲಿ ನಿಂತವರ ಬಳಿ ಏರಿಗೆ ಇಳಿತ ಸೇರಿ ಒಂದನ್ನೊಂದು ಅಳಿಸಿಹಾಕುವ ಹಾಗೆ ಲೆಕ್ಕ ಹೂಡಬಹುದು. ಹಾಗಾದಾಗ ಒಂದೇ ತರಂಗಾಂತರದಲ್ಲಿ, ಒಂದೇ ಕ್ಷಣದಲ್ಲಿ, ನಿಮಗೆ ಒಂದು ಮಾತು, ಅವರಿಗೆ ಇನ್ನೊಂದು. 64 ಆಂಟೆನಾಗಳ ಹಲಗೆ ಹೀಗೆ ಮಾಹಿತಿಯ 16 ಬೇರೆ ಬೇರೆ ಹರಿವುಗಳನ್ನು ಒಟ್ಟಿಗೆ ಕಳಿಸಬಲ್ಲದು. ಬಡಿಸುವವನು ಒಬ್ಬನಿದ್ದಲ್ಲಿ ಹದಿನಾರು ಜನ ಆದಂತೆ.

ವಿದ್ಯೆ ಹೊಸದೇನಲ್ಲ. ಜರ್ಮನಿಯ ಕಾರ್ಲ್ ಫರ್ಡಿನಾಂಡ್ ಬ್ರೌನ್ 1905ರಲ್ಲೇ ಮೂರು ಆಂಟೆನಾ ನಿಲ್ಲಿಸಿ ರೇಡಿಯೋ ಅಲೆಗೆ ದಿಕ್ಕು ಕೊಟ್ಟು ತೋರಿಸಿದ್ದ. ನಮಗೆ ಹೆಚ್ಚು ಹತ್ತಿರದ ಕತೆ ಆರೋಗ್ಯಸ್ವಾಮಿ ಪೌಲ್‌ರಾಜ್ ಅವರದು. ಭಾರತೀಯ ನೌಕಾಪಡೆಯಲ್ಲಿದ್ದಾಗ ಅವರು ನಮ್ಮ ಯುದ್ಧನೌಕೆಗಳಿಗೆ ಸೋನಾರ್ ಕಟ್ಟಿದವರು. ಸಾಲಾಗಿ ಜೋಡಿಸಿದ ಕಿವಿಗಳಿಂದ ನೀರಿನೊಳಗಿನ ಸದ್ದಿನ ದಿಕ್ಕು ಹಿಡಿಯುವುದೇ ಸೋನಾರಿನ ಕೆಲಸ. ಆಮೇಲೆ ಅಮೆರಿಕದ ಸ್ಟ್ಯಾನ್‌ಫರ್ಡ್‌ಗೆ ಹೋದ ಅವರು, ಹಲವು ಆಂಟೆನಾಗಳಿಂದ ಹಲವು ಹರಿವುಗಳನ್ನು ಒಟ್ಟಿಗೆ ಕಳಿಸುವ ‘ಮೈಮೋ’ ಕಲ್ಪನೆಗೆ 1992ರಲ್ಲಿ ಅಲ್ಲಿನ ಪ್ರಾಧ್ಯಾಪಕ ಥಾಮಸ್ ಕೈಲಾತ್ ಜೊತೆ ಪೇಟೆಂಟ್ ಅರ್ಜಿ ಹಾಕಿದರು. 2014ರ ಮಾರ್ಕೋನಿ ಪ್ರಶಸ್ತಿ ಅವರಿಗೆ ಸಂದಿತು. ಸಮುದ್ರದಲ್ಲಿ ಕಲಿತ ವಿದ್ಯೆ ಗಾಳಿಗೆ ಬಂದದ್ದು ಮಲ್ಪೆಯ ಹತ್ತಿರದವರಾದ ನಮಗೆ ಬೇಗ ಅರ್ಥವಾಗಬೇಕು.

ಕಷ್ಟ ಇರುವುದು ಬೇರೆ ಕಡೆ. ಫೋನು ಎಲ್ಲಿದೆ ಎಂದು ತಿಳಿಯಲು ಟವರಿಗೆ ಅದರಿಂದ ಪದೇ ಪದೇ ಪುಟ್ಟ ಗುರುತಿನ ಸಂಕೇತ ಬರುತ್ತಿರಬೇಕು. ಆ ಸಂಕೇತ ನೇರವಾಗಿಯೇ ಬರಬೇಕೆಂದಿಲ್ಲ, ಗೋಡೆಗೆ ಬಡಿದು ಬಂದರೂ ಸರಿ. ಬಂದ ದಾರಿಯಲ್ಲೇ ಉತ್ತರ ಹೋಗುತ್ತದೆ. ಆದರೆ ಆ ದಾರಿ ಬೇಗ ಹಳತಾಗುತ್ತದೆ. ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸು ಗಂಟೆಗೆ 60 ಕಿ.ಮೀ. ಓಡುತ್ತಿದ್ದರೆ, ಸೆಕೆಂಡಿನ ಸುಮಾರು 400ರಲ್ಲಿ ಒಂದು ಪಾಲಿನೊಳಗೆ ಅದು ಅರ್ಧ ಅಲೆಯಷ್ಟು ಮುಂದೆ ಹೋಗಿರುತ್ತದೆ. ಅಷ್ಟರೊಳಗೆ ಕೇಳಿ, ಲೆಕ್ಕ ಹಾಕಿ, ಕಳಿಸಿ ಮುಗಿಸಬೇಕು. ಮೇಲಾಗಿ 64 ದಾರಿಗಳೂ ಒಳಗಿಂದ ಸರಿಸಮ ಇರಬೇಕು. ಒಂದರ ಕೇಬಲ್ ಒಂದೇ ಸೆಂಟಿಮೀಟರ್ ಹೆಚ್ಚಾದರೂ ಅಲೆ ಆರನೇ ಒಂದು ಪಾಲಿನಷ್ಟು ಜಾರುತ್ತದೆ, ಬಿಸಿಲಿಗೆ ಹಲಗೆ ಕಾದರೂ ಲೆಕ್ಕ ತಪ್ಪುತ್ತದೆ. ಸುರತ್ಕಲ್, ಮಣಿಪಾಲ, ನಿಟ್ಟೆಯ ಇಂಜಿನಿಯರಿಂಗ್ ವಿದ್ಯಾರ್ಥಿಗಳು ನಾಲ್ಕೇ ಆಂಟೆನಾ ಜೋಡಿಸಿ ಈ ಹೊಂದಾಣಿಕೆಯನ್ನು ಸ್ವಂತ ಕೈಯಲ್ಲಿ ಮಾಡಿ ನೋಡಬೇಕು. ಪುಸ್ತಕದಲ್ಲಿ ಅದಕ್ಕೆ ಒಂದು ಸಾಲು, ಮೇಜಿನ ಮೇಲೆ ಒಂದು ವಾರ.

ಹಾಗಾದರೆ ಮುಂದಿನ ಪರ್ಯಾಯಕ್ಕೆ ಫೋಟೋ ಹೋಗುತ್ತದೆಯೇ? ಮೊದಲಿಗಿಂತ ಸಲೀಸಾಗಿ ಹೋದೀತು, ಆದರೆ ಖಾತ್ರಿ ಕೊಡಲಾರೆ. ಎಂಟು ಆಂಟೆನಾಗಳ ಸಾಲಿನ ಒಂದು ಕಿರಣ ಸುಮಾರು 13 ಡಿಗ್ರಿ ಅಗಲ ಇರುತ್ತದೆ. 300 ಮೀಟರ್ ದೂರದಲ್ಲಿ ಅದು 70 ಮೀಟರ್ ಹತ್ತಿರ. ಅಷ್ಟರೊಳಗೆ ಭುಜಕ್ಕೆ ಭುಜ ತಾಗಿಸಿ ನಿಂತವರನ್ನು ಬಿಡಿಸಿ ನೋಡುವುದು ಅದಕ್ಕೆ ಕಷ್ಟ. ಟವರು ತನ್ನ ಸಮಯದ ದೊಡ್ಡ ಪಾಲನ್ನು ನಮಗೆ ಕಳಿಸಲು ಮೀಸಲಿಡುತ್ತದೆ, ನಮ್ಮಿಂದ ಪಡೆಯಲು ಸಣ್ಣ ಪಾಲು ಮಾತ್ರ. ಉತ್ಸವದ ದಿನ ನಾವೆಲ್ಲ ಕಳಿಸುವವರೇ.

ಹೆಬ್ರಿ, ಕೊಲ್ಲೂರು ಕಡೆಯವರು ಇದೇ ಆಂಟೆನಾ ನಮಗೂ ಬೇಕು ಎನ್ನುತ್ತಾರೆ. ಗುಡ್ಡ, ಮರ ದಾಟಿ ಬರಲು ಅಲ್ಲಿಗೆ ಬೇಕಾದದ್ದು 700 ಮೆಗಾಹರ್ಟ್ಸ್‌ನಂಥ ಉದ್ದನೆಯ ಅಲೆ. ಅದರ ಅರ್ಧ ಅಲೆಯೇ 21 ಸೆಂ.ಮೀ. ಎಂಟು ಆಂಟೆನಾ ಅಡ್ಡಡ್ಡ ಜೋಡಿಸಿದರೆ ಹಲಗೆಯ ಅಗಲ 1.7 ಮೀಟರ್ ಆಗುತ್ತದೆ, ಗಾಳಿಮಳೆಗೆ ಅದನ್ನು ಕಂಬದ ಮೇಲೆ ನಿಲ್ಲಿಸುವುದು ಸುಲಭವಲ್ಲ. 3.5 ಗಿಗಾಹರ್ಟ್ಸ್‌ನಲ್ಲಾದರೆ 34 ಸೆಂ.ಮೀ. ಸಾಕು. ಕಾಡಂಚಿನ ಊರುಗಳಿಗೆ ಇನ್ನೊಂದು ಟವರೇ ಹೆಚ್ಚು ಉಪಕಾರ.

ಮುಂದಿನ ಸಲ ಟವರು ನೋಡುವಾಗ ತಿರುಗುವುದನ್ನು ಕಾಯಬೇಡಿ. ಆಳೆತ್ತರದ ಕಿರಿದಾದ ಪಟ್ಟಿಗಳು ಹಳೆಯವು. ಅವುಗಳ ಪಕ್ಕದಲ್ಲಿ ಗಿಡ್ಡಗೆ, ಅಗಲವಾಗಿ, ದಪ್ಪಗೆ ಒಂದು ಪೆಟ್ಟಿಗೆ ಕೂತಿದ್ದರೆ ಬಹುಶಃ ನೀವು ಕೇಳಿದ್ದು ಅದನ್ನೇ.