ನಾಲ್ಕು ದೀಪವನ್ನು ಐದು ಅನ್ನಿಸುವುದು: ಕೈದಿಯ ಮನಸ್ಸು ಮುರಿಯುವ ಬಗೆ, ಕೆಲವು ಧಾರಾವಾಹಿಗಳ ಮೂಲಕ

ಪರೀಕ್ಷೆಗೆ ಬಲವಂತ, ಸೆರೆವಾಸ, ಮಾನಸಿಕ ಹಿಂಸೆಯ ಪಾಠ ಓದುತ್ತಿರುವವರಿಗೆ ಈ ಟಿಪ್ಪಣಿ. ಕಾರವಾರದ ನಮ್ಮ ಗುಂಪಿನಲ್ಲಿ ಈ ಪಾಠ ಬಂದಾಗೆಲ್ಲ ಒಂದೇ ಪ್ರಶ್ನೆ ಏಳುತ್ತದೆ: ಅಷ್ಟು ಗಟ್ಟಿ ಮನುಷ್ಯ ಮುರಿಯೋದು ಹೇಗೆ? ಪಠ್ಯಪುಸ್ತಕ ಇದಕ್ಕೊಂದು ಪಟ್ಟಿ ಕೊಟ್ಟು ಸುಮ್ಮನಾಗುತ್ತದೆ. ಪಟ್ಟಿ ಬಾಯಿಪಾಠ ಮಾಡಿದರೆ ಅಂಕ ಬರುತ್ತದೆ, ವಿಷಯ ತಲೆಗೆ ಹೋಗೋದಿಲ್ಲ. ಹಾಗಾಗಿ ವಿಜ್ಞಾನ ಕಥೆಯ ಕೆಲವು ಧಾರಾವಾಹಿಗಳನ್ನು ಹಿಡಿದು ಬಿಡಿಸಿ ಹೇಳುತ್ತೇನೆ. ಒಂದು ಮಾತು ನೆನಪಿರಲಿ. ಹಿಂಸೆ ಕೊಡುವವ ಕೇಳುವ ಪ್ರಶ್ನೆ ಹೆಚ್ಚಿನ ಸಲ ನೆಪ. ಕೈದಿ ತನ್ನ ಕಣ್ಣು, ತನ್ನ ನೆನಪು ಎರಡನ್ನೂ ನಂಬದ ಹಾಗೆ ಮಾಡುವುದೇ ಅವನ ಕೆಲಸ.

‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್’ನಲ್ಲಿ ‘ಚೈನ್ ಆಫ್ ಕಮಾಂಡ್’ ಅಂತ ಎರಡು ಕಂತು ಇವೆ, 1992ರ ಡಿಸೆಂಬರ್‌ನಲ್ಲಿ ಬಂದದ್ದು. ಬಾಹ್ಯಾಕಾಶ ಹಡಗಿನ ಕ್ಯಾಪ್ಟನ್ ಪಿಕಾರ್ಡ್, ಬೇರೆ ಗ್ರಹದ ಶತ್ರುಗಳಾದ ಕಾರ್ಡೇಸಿಯನ್ನರ ಕೈಗೆ ಸಿಕ್ಕಿಬೀಳುತ್ತಾನೆ. ವಿಚಾರಣೆ ಮಾಡುವವ ಗುಲ್ ಮ್ಯಾಡ್ರೆಡ್. ಔಷಧಿ ಕೊಟ್ಟು ಬಾಯಿ ಬಿಡಿಸುವ ಕೆಲಸ ಮೊದಲೇ ಮುಗಿದಿದೆ. ಆಮೇಲೆ ಬಟ್ಟೆ ಬಿಚ್ಚಿಸುತ್ತಾನೆ. ಕೈ ಕಟ್ಟಿ ರಾತ್ರಿಯಿಡೀ ನೇತುಹಾಕುತ್ತಾನೆ. ಇನ್ನು ಮೇಲೆ ನಿನಗೆ ಹೆಸರಿಲ್ಲ ಅನ್ನುತ್ತಾನೆ. ಮಧ್ಯೆ ಅವನ ಪುಟ್ಟ ಮಗಳು ಕೋಣೆಗೆ ಬರುತ್ತಾಳೆ, ಕೈದಿಯ ಎದುರಿಗೇ ಅವಳನ್ನು ಮುದ್ದು ಮಾಡುತ್ತಾನೆ! ನನಗೆ ಅತಿ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ನೋವು ಕೊಡುವ ಯಂತ್ರ ಅಲ್ಲ, ಆ ಅಪ್ಪನ ಮುಖ.

ಇಲ್ಲಿ ಒಂದು ದೃಶ್ಯವನ್ನು ಎರಡು ಸಲ ನೋಡಿ. ಮ್ಯಾಡ್ರೆಡ್ ಪಿಕಾರ್ಡ್‌ಗೆ ‘ನೀನು ಹೋಗಬಹುದು’ ಅನ್ನುತ್ತಾನೆ. ಪಿಕಾರ್ಡ್ ಬಾಗಿಲ ಕಡೆ ಹೆಜ್ಜೆ ಇಡುತ್ತಾನೆ. ಆಗ ಮ್ಯಾಡ್ರೆಡ್ ಮೆಲ್ಲಗೆ ಹೇಳುತ್ತಾನೆ, ನೀನು ಹೋದರೆ ನಿನ್ನ ಬದಲು ನಿನ್ನ ಹಡಗಿನ ಡಾಕ್ಟರ್ ಕ್ರಷರ್ ಇದ್ದಾಳೆ, ಅವಳನ್ನು ಕರೆಸುತ್ತೇನೆ. ಪಿಕಾರ್ಡ್ ವಾಪಸ್ ಬಂದು ಕೂರುತ್ತಾನೆ. ಅಂದರೆ ಹಿಂಸೆಯನ್ನು ಅವನೇ ಆರಿಸಿಕೊಂಡ ಹಾಗಾಯ್ತು ಅಲ್ವಾ? ಮ್ಯಾಡ್ರೆಡ್‌ಗೆ ಬೇಕಾದದ್ದು ಇದೇ.

ಈಗ ಪಠ್ಯಕ್ಕೆ ಬನ್ನಿ. ಕೊರಿಯಾ ಯುದ್ಧದಲ್ಲಿ ಸೆರೆಸಿಕ್ಕಿದ ಅಮೆರಿಕದ ವಾಯುಪಡೆಯವರು ಮಾಡದ ತಪ್ಪನ್ನು ಒಪ್ಪಿಕೊಂಡು ಹೇಳಿಕೆ ಕೊಟ್ಟಿದ್ದರು. ಮಿದುಳು ತೊಳೆಯುವ ಏನೋ ಮಂತ್ರ ಇದೆ ಅಂತ ಜನ ಗಾಬರಿಯಾಗಿದ್ದರು. ಸಮಾಜವಿಜ್ಞಾನಿ ಆಲ್ಬರ್ಟ್ ಬಿಡರ್ಮನ್ ಇದನ್ನು ಅಧ್ಯಯನ ಮಾಡಿ 1957ರಲ್ಲಿ ಬರೆದದ್ದು ಏನೆಂದರೆ, ಮಂತ್ರವೂ ಇಲ್ಲ, ಮಾಯವೂ ಇಲ್ಲ. ಒಂಟಿಯಾಗಿಸುವುದು, ದಣಿಸುವುದು, ಬೆದರಿಸುವುದು, ಆಗೀಗ ಸಣ್ಣ ಉಪಕಾರ ಮಾಡುವುದು, ಅವಮಾನ, ಕ್ಷುಲ್ಲಕ ಆಜ್ಞೆ ಪಾಲಿಸುವಂತೆ ಮಾಡುವುದು, ಇಂಥ ಹಳೆಯ ಉಪಾಯಗಳೇ ಸಾಕಾಗಿದ್ದವು. ಅದರಲ್ಲಿ ಒಂದು ಗಮನಿಸಿದ ಅಂಶ ನಮಗೆ ಮುಖ್ಯ. ಹೊಡೆತ ತಿಂದ ಕೈದಿಗೆ ಸಿಟ್ಟು ಬರುತ್ತದೆ, ಸಿಟ್ಟು ಅವನನ್ನು ಗಟ್ಟಿ ಮಾಡುತ್ತದೆ. ಗಂಟೆಗಟ್ಟಲೆ ನಿಂತೇ ಇರು ಅಂದಾಗ ನೋವು ಕೊಡುವುದು ಅವನದೇ ಕಾಲು. ಜಗಳ ಅವನಿಗೂ ಅವನ ಮೈಗೂ ಶುರುವಾಗುತ್ತದೆ. ಬಾಗಿಲಿಂದ ವಾಪಸ್ ಬಂದ ಪಿಕಾರ್ಡ್‌ನನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ದೀಪದ ವಿಷಯ. ಮ್ಯಾಡ್ರೆಡ್ ಹಿಂದೆ ನಾಲ್ಕು ದೀಪ ಉರಿಯುತ್ತಿವೆ, ಐದು ಅನ್ನು ಅನ್ನುತ್ತಾನೆ. ಅದರಿಂದ ಯಾರಿಗೂ ಏನೂ ಲಾಭ ಇಲ್ಲ. ಲಾಭ ಇಲ್ಲದ್ದೇ ಅದರ ವಿಷ. ಸೇನೆಯ ಗುಟ್ಟಾದರೆ ಕಾಪಾಡಬೇಕು ಅಂತ ಛಲ ಇರುತ್ತದೆ, ದೀಪದ ಲೆಕ್ಕಕ್ಕೆ ಯಾರು ಪ್ರಾಣ ಕೊಡ್ತಾರೆ? ಒಂದು ಸಲ ಐದು ಅಂದುಬಿಟ್ಟರೆ ಮುಗೀತು ಅನ್ನಿಸುತ್ತದೆ. ಬಿಡುಗಡೆಯ ಹೊತ್ತಿನಲ್ಲೂ ಪಿಕಾರ್ಡ್ ನಾಲ್ಕೇ ಅಂತ ಕೂಗುತ್ತಾನೆ, ನಮಗೆ ಚಪ್ಪಾಳೆ ಹೊಡೆಯೋಣ ಅನ್ನಿಸುತ್ತದೆ. ಆದರೆ ಹಡಗಿಗೆ ಮರಳಿದ ಮೇಲೆ ಕೌನ್ಸಿಲರ್ ಟ್ರಾಯ್ ಹತ್ತಿರ ಹೇಳಿಕೊಳ್ಳುತ್ತಾನೆ, ಕೊನೆಗೆ ನನಗೆ ಐದು ದೀಪ ಕಾಣುತ್ತಿದ್ದವು ಅಂತ ನಂಬಿಬಿಟ್ಟಿದ್ದೆ. ಈ ಮಾತು ಇಲ್ಲದಿದ್ದರೆ ಆ ಕಂತು ಬರೀ ವೀರನ ಕಥೆ ಆಗುತ್ತಿತ್ತು.

ಇನ್ನೊಂದು ಧಾರಾವಾಹಿ ‘ಬ್ಯಾಬಿಲಾನ್ 5’ರ ‘ಇಂಟರ್‌ಸೆಕ್ಷನ್ಸ್ ಇನ್ ರಿಯಲ್ ಟೈಮ್’ ಕಂತು 1997ರದ್ದು. ಇದರಲ್ಲಿ ವಿಚಾರಣಾಧಿಕಾರಿ ರಾಕ್ಷಸನೇ ಅಲ್ಲ. ಆಫೀಸಿಗೆ ಬಂದ ಗುಮಾಸ್ತನ ಹಾಗೆ ಕುರ್ಚಿ ಎಳೆದು ಕೂತು, ಕೈದಿ ಶೆರಿಡನ್ ಜತೆ ಸಭ್ಯವಾಗಿ ಮಾತಾಡುತ್ತಾನೆ. ತಾನೂ ತಿಂದು, ಹಸಿದವನಿಗೂ ಸ್ಯಾಂಡ್‌ವಿಚ್ ಕೊಡುತ್ತಾನೆ. ಅದರಲ್ಲಿ ವಿಷ. ಅಧಿಕಾರಿಗೆ ಏನೂ ಆಗೋದಿಲ್ಲ, ಸ್ವಲ್ಪ ಸ್ವಲ್ಪವೇ ತಿಂದು ಮೈಗೆ ಒಗ್ಗಿಸಿಕೊಂಡಿದ್ದಾನೆ. ಈಗ ಬೆಳಗೋ ಸಂಜೆಯೋ ಅನ್ನುವುದೂ ಅವನು ಹೇಳಿದ ಹಾಗೆ. ಆಷಾಢದಲ್ಲಿ ಶಿರಸಿ ಕಡೆಯ ಮನೆಗಳಲ್ಲಿ ವಾರಗಟ್ಟಲೆ ಮಳೆ ಹಿಡಿದು, ಕರೆಂಟೂ ಹೋಗಿ, ಮಧ್ಯಾಹ್ನವೇ ಕತ್ತಲು ಕವಿದಾಗ ಹೊತ್ತು ತಿಳಿಯದೆ ಒಂಥರಾ ಮಂಕು ಬಡಿಯುತ್ತದಲ್ಲ, ಅಲ್ಲಿ ಮನೆಯವರು ಇರುತ್ತಾರೆ, ಗಡಿಯಾರ ಇರುತ್ತದೆ. ಅವೆರಡನ್ನೂ ತೆಗೆದುಬಿಟ್ಟರೆ ಏನಾದೀತು ಯೋಚಿಸಿ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಹೆಬ್ ತಂಡ 1950ರ ದಶಕದ ಶುರುವಿನಲ್ಲಿ ಇದನ್ನೇ ಪರೀಕ್ಷಿಸಿತು. ದಿನಕ್ಕೆ 20 ಡಾಲರ್ ಕೊಟ್ಟು ವಿದ್ಯಾರ್ಥಿಗಳನ್ನು ಮಲಗಿಸಿದರು. ಕಣ್ಣಿಗೆ ಮಸುಕು ಕನ್ನಡಕ, ಕೈಗೆ ರಟ್ಟಿನ ಕೊಳವೆ, ಒಂದೇ ಸಮನೆ ಸದ್ದು. ಹೆಚ್ಚಿನವರು ಎರಡು ಮೂರು ದಿನಕ್ಕಿಂತ ಜಾಸ್ತಿ ತಡೆಯಲಿಲ್ಲ, ಹಲವರಿಗೆ ಇಲ್ಲದ್ದು ಕಾಣತೊಡಗಿತು. ಯಾರೂ ಹೊಡೆದಿರಲಿಲ್ಲ, ಬೈದೂ ಇರಲಿಲ್ಲ.

ಸಾಲಮನ್ ಆಶ್ 1951ರಲ್ಲಿ ಪ್ರಕಟಿಸಿದ, ಸಮ ಉದ್ದದ ಗೆರೆ ಗುರುತಿಸುವ ಪ್ರಯೋಗ ನಿಮಗೆ ಗೊತ್ತೇ ಇದೆ. ಸುತ್ತ ಇರುವವರೆಲ್ಲ ತಪ್ಪು ಗೆರೆ ತೋರಿಸಿದರೆ ನಾವೂ ಎಷ್ಟೋ ಸಲ ಅದನ್ನೇ ತೋರಿಸುತ್ತೇವೆ. ಒಬ್ಬನೇ ಒಬ್ಬ ಸರಿ ಹೇಳಿದರೂ ಸಾಕು, ತಪ್ಪಿಗೆ ತಲೆಯಾಡಿಸುವುದು ತುಂಬ ಕಡಿಮೆಯಾಗುತ್ತದೆ. ಕೈದಿಯನ್ನು ಒಂಟಿ ಇಡುವುದು ಯಾಕೆ ಅಂತ ಯಾರಾದರೂ ಕೇಳಿದರೆ ಉತ್ತರ ಇಲ್ಲೇ ಇದೆ.

ಶಿರಸಿಯ ಗೆಳತಿಯೊಬ್ಬಳು ಚರ್ಚೆಯಲ್ಲಿ ಹರಿಶ್ಚಂದ್ರನ ಪ್ರಸಂಗ ಎತ್ತಿದಳು. ತಾಳಮದ್ದಳೆ ಕೇಳಿ ಬೆಳೆದವಳು. ವಿಶ್ವಾಮಿತ್ರನಿಗೆ ರಾಜ್ಯ ಬೇಕಿರಲಿಲ್ಲ, ಹರಿಶ್ಚಂದ್ರನ ಬಾಯಲ್ಲಿ ಒಂದು ಸುಳ್ಳು ಬೇಕಿತ್ತು ಅಂದಳು. ನನಗೆ ಇದು ತುಂಬ ಸರಿ ಕಂಡಿತು. ಸಾಲ ವಸೂಲಿಗೆ ಬೆನ್ನು ಹತ್ತಿದ ನಕ್ಷತ್ರಿಕನೂ ಅಷ್ಟೇ, ಕೊಲ್ಲುವವನಲ್ಲ, ಬಿಡದೆ ಕಾಡುವವ. ವ್ಯತ್ಯಾಸವನ್ನೂ ಬರೆದುಕೊಳ್ಳಿ. ಹರಿಶ್ಚಂದ್ರನ ನೋವನ್ನು ದೇವತೆಗಳು ನೋಡುತ್ತಿದ್ದಾರೆ, ಕೊನೆಗೆ ಎಲ್ಲ ವಾಪಸ್ ಬರುತ್ತದೆ. ಶೆರಿಡನ್‌ನನ್ನು ಕೊಲ್ಲಲು ಕರೆದೊಯ್ಯುತ್ತಾರೆ ಅಂದುಕೊಂಡರೆ, ಇನ್ನೊಂದು ಕೋಣೆಯಲ್ಲಿ ಇನ್ನೊಬ್ಬ ಅಧಿಕಾರಿ ಮೊದಲಿಂದ ಅದನ್ನೇ ಶುರು ಮಾಡುತ್ತಾನೆ.

ಕಾನೂನಿನ ಭಾಗ ಬೇಗ ಹೇಳುತ್ತೇನೆ, ಪರೀಕ್ಷೆಗೆ ಬೇಕಾಗುತ್ತದೆ. ಹಿಂಸೆ ತಡೆಯುವ 1984ರ ವಿಶ್ವಸಂಸ್ಥೆಯ ಒಡಂಬಡಿಕೆಯಲ್ಲಿ ಹಿಂಸೆಯ ವ್ಯಾಖ್ಯೆಯೊಳಗೆ ಮಾನಸಿಕ ನೋವೂ ಸೇರಿದೆ. ಭಾರತ 1997ರಲ್ಲಿ ಸಹಿ ಹಾಕಿತು, ಅನುಮೋದಿಸಿಲ್ಲ. ಮ್ಯಾಡ್ರೆಡ್‌ನ ಔಷಧಿ ಬರೀ ಕಲ್ಪನೆ ಅಂದುಕೊಳ್ಳಬೇಡಿ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿತು, ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ, ಬ್ರೈನ್ ಮ್ಯಾಪಿಂಗ್ ಯಾವುದನ್ನೂ ಮಾಡುವಂತಿಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕಿಲ್ಲ ಅನ್ನುವ ಸಂವಿಧಾನದ 20(3)ನೇ ವಿಧಿ ಇದಕ್ಕೆ ಆಧಾರ. ನಮ್ಮ ರಾಜ್ಯದ ಹೆಸರಿರುವ ತೀರ್ಪು, ಮರೆಯಬೇಡಿ.

ಹಿಂಸೆ ನಿಂತ ಮೇಲಿನ ಬದುಕಿಗೆ ‘ಡೀಪ್ ಸ್ಪೇಸ್ ನೈನ್’ನ ‘ಹಾರ್ಡ್ ಟೈಮ್’ (1996) ನೋಡಿ. ಓಬ್ರಿಯನ್‌ನ ತಲೆಯೊಳಗೆ 20 ವರ್ಷದ ಸೆರೆವಾಸದ ನೆನಪು ತುಂಬುತ್ತಾರೆ, ಹೊರಗೆ ಕಳೆದದ್ದು ಕೆಲವೇ ಗಂಟೆ. ಮನೆಗೆ ಬಂದವನು ಊಟ ಬಚ್ಚಿಡುತ್ತಾನೆ, ನೆಲದ ಮೇಲೆ ಮಲಗುತ್ತಾನೆ, ಹೆಂಡತಿ ಮಗಳ ಮೇಲೆ ರೇಗುತ್ತಾನೆ. ಮೈಮೇಲೆ ಒಂದು ಗಾಯವೂ ಇಲ್ಲ.

ಮುಂದಿನ ಸಲಕ್ಕೆ ‘ಆಂಡೊರ್’ (2022) ಮೊದಲ ಸೀಸನ್‌ನ ನಾರ್ಕಿನಾ 5 ಜೈಲಿನ ಕಂತುಗಳನ್ನು ನೋಡಿಕೊಂಡು ಬನ್ನಿ. ಬರಿಗಾಲ ಕೈದಿಗಳು, ಕರೆಂಟ್ ಹರಿಯುವ ನೆಲ. ಕೆಲಸದಲ್ಲಿ ಗೆದ್ದ ಮೇಜಿನವರಿಗೆ ರುಚಿಯಾದ ಊಟ, ಸೋತವರಿಗೆ ಶಾಕ್. ಕಾವಲುಗಾರರು ಹೆಚ್ಚು ಕಾಣುವುದೇ ಇಲ್ಲ, ಕೈದಿಗಳೇ ಒಬ್ಬರನ್ನೊಬ್ಬರು ಓಡಿಸುತ್ತಾರೆ. ಬಿಡರ್ಮನ್ ಹೇಳಿದ ಯಾವ ಯಾವ ಉಪಾಯ ಅಲ್ಲಿದೆ ಗುರುತು ಮಾಡಿ, ಯಾವುದು ಇಲ್ಲ ಅನ್ನುವುದನ್ನೂ ಬರೆದುಕೊಂಡು ಬನ್ನಿ. ಪರಸ್ಪರ ಮಾತಾಡಲು ಬಿಟ್ಟದ್ದು ಆ ಜೈಲಿಗೆ ಎಷ್ಟು ದುಬಾರಿ ಬಿತ್ತು ಅನ್ನುವುದರಿಂದ ಚರ್ಚೆ ಶುರು ಮಾಡೋಣ.