ನಗು ಹಿಡಿದು ನಿಲ್ಲುವ ಕೆಲಸ

ದಿನದ ಕೆಲಸ ಮುಗಿಯುವ ಹೊತ್ತಿಗೆ ಒಬ್ಬ ಬ್ಯೂಟಿಷಿಯನ್‌ಗೆ ಎಲ್ಲಿ ನೋವು ಎಂದು ಕೇಳಿ ನೋಡಿ. ಭುಜ, ಕುತ್ತಿಗೆ, ಸೊಂಟ, ಕಾಲು ಎನ್ನುತ್ತಾರೆ. ಆಮೇಲೆ 'ಯಾರ ಜೊತೆನೂ ಮಾತಾಡೋಕೆ ಮನಸ್ಸಿಲ್ಲ' ಎಂದೂ ಸೇರಿಸುತ್ತಾರೆ. ಮೈನೋವು ಬೇರೆ, ಮನಸ್ಸಿನ ಸುಸ್ತು ಬೇರೆ ಎಂದು ನಮಗೆ ಅನ್ನಿಸುತ್ತದೆ. ಆದರೆ ಎರಡರ ಹಿಂದೆಯೂ ಒಂದೇ ತೊಂದರೆ ಇದೆ. ಹಿಡಿದದ್ದನ್ನು ಬಿಡೋಕೆ ಪುರುಸೊತ್ತೇ ಸಿಗುವುದಿಲ್ಲ.

ಮೊದಲು ಕೈ ನೋಡೋಣ. ಒಂದು ಇಡೀ ತೋಳು ದೇಹದ ತೂಕದ ಸುಮಾರು ಶೇ 5ರಷ್ಟು ಭಾರ ಇರುತ್ತದೆ. 60 ಕಿಲೋ ತೂಕದವರಿಗೆ ಅದು ಸುಮಾರು 3 ಕಿಲೋ. ಬ್ಲೋ ಡ್ರೈ ಮಾಡುವಾಗ ಈ ಭಾರವನ್ನು ಭುಜದ ಎತ್ತರಕ್ಕೆ ಎತ್ತಿ ಹಿಡಿಯಬೇಕು. ಡ್ರೈಯರ್‌ನ ತೂಕ ಬೇರೆ. ನಡೆಯುವಾಗ ಸ್ನಾಯು ಬಿಗಿಯುತ್ತದೆ, ಸಡಿಲವಾಗುತ್ತದೆ, ಮತ್ತೆ ಬಿಗಿಯುತ್ತದೆ. ಸಡಿಲವಾದಾಗ ರಕ್ತ ಸಲೀಸಾಗಿ ಹರಿಯುತ್ತದೆ. ಎತ್ತಿ ಹಿಡಿದ ಭುಜಕ್ಕೆ ಆ ಸಡಿಲದ ಕ್ಷಣ ಇಲ್ಲ. ಬಿಗಿದ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನೇ ಒತ್ತಿಹಿಡಿಯುತ್ತದೆ. ಆಮ್ಲಜನಕ ಕಡಿಮೆ ಬರುತ್ತದೆ, ಕಸ ಹೊರಗೆ ಹೋಗುವುದಿಲ್ಲ, ಉರಿ ಶುರುವಾಗುತ್ತದೆ. ಕಾಲಿನ ಕಥೆಯೂ ಇದೇ. ಹೆಜ್ಜೆ ಹಾಕಿದಾಗ ಮೀನಖಂಡದ ಸ್ನಾಯು ರಕ್ತವನ್ನು ಹೃದಯದ ಕಡೆಗೆ ಮೇಲೆ ತಳ್ಳುತ್ತದೆ. ನಿಂತಲ್ಲೇ ನಿಂತರೆ ರಕ್ತ ಕಾಲಲ್ಲೇ ಉಳಿಯುತ್ತದೆ, ಪಾದ ಊದಿಕೊಳ್ಳುತ್ತದೆ.

ಈಗ ಮುಖಕ್ಕೆ ಬರೋಣ. ಇದು ನನಗೆ ಜಾಸ್ತಿ ಮುಖ್ಯ ಅನ್ನಿಸುವ ಭಾಗ, ಯಾಕೆಂದರೆ ಇದನ್ನು ಯಾರೂ ಕೆಲಸ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ಗಗನಸಖಿಯರ ಕೆಲಸವನ್ನು ಹತ್ತಿರದಿಂದ ನೋಡಿ 1983ರಲ್ಲಿ ಒಂದು ಮಾತು ಹೇಳಿದರು. ಸಂಬಳಕ್ಕಾಗಿ ನಗುವುದು, ಸಿಟ್ಟು ನುಂಗುವುದು, ಎದುರಿನವರಿಗೆ ಹಿತ ಅನ್ನಿಸುವಂತೆ ನೋಡಿಕೊಳ್ಳುವುದು ಕೂಡ ದುಡಿಮೆಯೇ. ಅದನ್ನು ಅವರು ಭಾವನೆಯ ದುಡಿಮೆ ಎಂದು ಕರೆದರು. ಬ್ಯೂಟಿಷಿಯನ್‌ಗಳು ದಿನವಿಡೀ ಮಾಡುವುದು ಇದನ್ನೇ ಅಲ್ವಾ? ಕೂದಲು ಕತ್ತರಿಸಿಕೊಳ್ಳುತ್ತಾ, ಫೇಶಿಯಲ್‌ಗೆ ಕಣ್ಣು ಮುಚ್ಚಿ ಮಲಗಿದಾಗ, ಜನ ಬೇರೆಲ್ಲೂ ಹೇಳದ ಸಂಕಟ ಹೇಳಿಕೊಳ್ಳುತ್ತಾರೆ. ಅಮೆರಿಕದ ಇಲಿನಾಯ್ ರಾಜ್ಯ 2017ರಿಂದ ಸಲೂನ್ ವೃತ್ತಿಯವರು ಮನೆಯೊಳಗಿನ ಹಿಂಸೆಯನ್ನು ಗುರುತಿಸುವ ಒಂದು ಗಂಟೆಯ ತರಬೇತಿ ಪಡೆಯಲೇಬೇಕು ಎಂಬ ನಿಯಮ ತಂದಿತು. ಅಂಥ ನೋವಿನ ಮಾತು ಮೊದಲು ಬೀಳುವುದು ಇವರ ಕಿವಿಗೇ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಕೇಳಿದ್ದನ್ನು ಮನಸ್ಸಿನಲ್ಲೇ ಇಟ್ಟುಕೊಂಡು, ಮುಂದಿನವರನ್ನು ನಗುತ್ತಾ ಸ್ವಾಗತಿಸಬೇಕು.

ಹೀಗೆ ಒಳಗೊಂದು ಹೊರಗೊಂದು ಇದ್ದಾಗ ದೇಹ ಏನು ಮಾಡುತ್ತದೆ? ಮನಃಶಾಸ್ತ್ರಜ್ಞರಾದ ಜೇಮ್ಸ್ ಗ್ರಾಸ್ ಮತ್ತು ರಾಬರ್ಟ್ ಲೆವೆನ್‌ಸನ್ 1993ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ನೋಡಿದರೆ ಅಸಹ್ಯ ಆಗುವಂಥ ದೃಶ್ಯ ತೋರಿಸಿ, ಕೆಲವರಿಗೆ ಮಾತ್ರ 'ಮುಖದಲ್ಲಿ ಏನೂ ತೋರಿಸಬೇಡಿ' ಎಂದರು. ಅವರ ಮುಖ ಶಾಂತವಾಗಿಯೇ ಇತ್ತು. ಆದರೆ ಚರ್ಮದ ಬೆವರು, ಬೆರಳಿನ ನಾಡಿ ಬೇರೆಯೇ ಹೇಳಿದವು. ದೇಹವನ್ನು ಹೋರಾಟಕ್ಕೆ ಸಜ್ಜು ಮಾಡುವ ನರವ್ಯೂಹ, ಸುಮ್ಮನೆ ನೋಡಿದವರಿಗಿಂತ ಇವರಲ್ಲಿ ಜಾಸ್ತಿ ಚುರುಕಾಗಿತ್ತು. ಬಲವಂತದ ನಗುವೂ ಎತ್ತಿ ಹಿಡಿದ ತೋಳಿನ ಹಾಗೆಯೇ. ಹಿಡಿದಿರುವಷ್ಟು ಹೊತ್ತೂ ಅದಕ್ಕೆ ಶಕ್ತಿ ಖರ್ಚಾಗುತ್ತದೆ.

ಒತ್ತಡ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮದುವಣಗಿತ್ತಿಯ ಮೇಕಪ್ ಸರಿಯಾದ ಸಮಯಕ್ಕೆ ಮುಗಿಯುವುದು ಆ ಚುರುಕಿನಿಂದಲೇ. ತೊಂದರೆ ಇರುವುದು ಇಳಿಯುವ ದಾರಿಯಲ್ಲಿ. ಗಾಬರಿಯಾದಾಗ ಬರುವ ಅಡ್ರಿನಲಿನ್ ಎಂಬ ಹಾರ್ಮೋನ್ ಕೆಲವೇ ನಿಮಿಷಗಳಲ್ಲಿ ರಕ್ತದಿಂದ ಕರಗುತ್ತದೆ. ಒತ್ತಡದ ಇನ್ನೊಂದು ಹಾರ್ಮೋನ್ ಕಾರ್ಟಿಸೋಲ್ ನಿಧಾನ. ಒತ್ತಡ ಶುರುವಾದ 20ರಿಂದ 30 ನಿಮಿಷಕ್ಕೆ ಅದು ತುದಿ ಮುಟ್ಟುತ್ತದೆ, ಮೊದಲಿನ ಮಟ್ಟಕ್ಕೆ ಬರಲು ಸುಮಾರು ಒಂದು ಗಂಟೆಯೇ ಬೇಕಾಗಬಹುದು. ಈಗ ಅಪಾಯಿಂಟ್‌ಮೆಂಟ್ ಪುಸ್ತಕ ತೆರೆದು ನೋಡಿ. ಬಣ್ಣ ಸರಿಬರಲಿಲ್ಲ ಎಂದು ಒಬ್ಬರು ರೇಗಾಡಿ ಹೋದರು. ಅದು ಇಳಿಯುವ ಮೊದಲೇ ಇನ್ನೊಬ್ಬರು ಕುರ್ಚಿಯಲ್ಲಿ ಕೂತಿದ್ದಾರೆ. ಹೀಗೆ ಇಳಿಯದೆ ಉಳಿದ ಒತ್ತಡ ದಿನದಿಂದ ದಿನಕ್ಕೆ ದೇಹವನ್ನು ಸವೆಸುತ್ತದೆ. 1993ರಲ್ಲಿ ಸಂಶೋಧಕರಾದ ಬ್ರೂಸ್ ಮೆಕ್‌ಯೂಯನ್ ಮತ್ತು ಎಲಿಯಟ್ ಸ್ಟೆಲ್ಲರ್ ಈ ಸವೆತಕ್ಕೆ ಅಲೋಸ್ಟಾಟಿಕ್ ಲೋಡ್ ಎಂದು ಹೆಸರಿಟ್ಟರು.

ಚರ್ಮದ ಕೆಲಸ ಮಾಡುವವರು ಒಂದು ವಿಷಯ ತಿಳಿದಿರಲೇಬೇಕು. ಮರೆವಿನ ಕಾಯಿಲೆ ಇರುವವರನ್ನು ವರ್ಷಗಟ್ಟಲೆ ನೋಡಿಕೊಳ್ಳುತ್ತಿದ್ದ ಮಹಿಳೆಯರ ತೋಳಿನಲ್ಲಿ ಸಂಶೋಧಕರು ಒಂದು ಪುಟ್ಟ ಗಾಯ ಮಾಡಿ, ಅದು ಮಾಯುವುದನ್ನು ಗಮನಿಸಿದರು. ಅಂಥ ಹೊರೆ ಇಲ್ಲದವರಿಗಿಂತ ಇವರ ಗಾಯ ಮಾಯಲು ಸರಾಸರಿ 9 ದಿನ ಹೆಚ್ಚು ಬೇಕಾಯಿತು. 1995ರ ಅಧ್ಯಯನ ಇದು. ಶಾಂಪೂ, ನೀರು, ಬ್ಲೀಚ್ ಮುಟ್ಟಿ ಮುಟ್ಟಿ ಒಡೆದ ಕೈಗೆ ಒಳಗಿನ ಒತ್ತಡವೂ ಸೇರಿದರೆ ವಾಸಿಯಾಗುವುದು ಇನ್ನೂ ತಡ ಆಗಬಹುದು.

ಹಾಗಾಗಿ ಗಟ್ಟಿಯಾಗಿರುವುದು ಎಂದರೆ ಎಷ್ಟು ಬಂದರೂ ತಡೆದುಕೊಳ್ಳುವುದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಏರಿದ್ದು ಎಷ್ಟು ಬೇಗ ಇಳಿಯುತ್ತದೆ ಎಂಬುದರಲ್ಲೇ ಗಟ್ಟಿತನ ಇದೆ. ಇದನ್ನು ಕಲಿಯಬಹುದು. ನಿಮಿಷಕ್ಕೆ ಸುಮಾರು 6 ಸಲ, ಉಸಿರು ಬಿಡುವುದನ್ನು ಉದ್ದ ಮಾಡಿ ಉಸಿರಾಡಿದರೆ ಮೆದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ನರದ ಮೂಲಕ ಹೃದಯದ ಬಡಿತ ತಗ್ಗುತ್ತದೆ. ಒಬ್ಬರಾದ ಮೇಲೆ ಕೈ ತೊಳೆಯುತ್ತೀರಲ್ಲ, ಆ ಹೊತ್ತು ಇದಕ್ಕೆ ಸಾಕು. ಭುಜ ಕೆಳಗಿಳಿಸಿ, ಹಿಮ್ಮಡಿ ಎತ್ತಿ ಇಳಿಸಿ. ಮುಖವನ್ನೂ ಸ್ವಲ್ಪ ಸಡಿಲ ಬಿಡಿ, ಯಾರೂ ನೋಡುತ್ತಿಲ್ಲ. ರೇಗಿದವರ ಬಗ್ಗೆ 'ಪಾಪ, ಇವತ್ತು ಅವರಿಗೇನೋ ಆಗಿದೆ' ಎಂದು ನಿಜವಾಗಿ ಯೋಚಿಸಲು ಸಾಧ್ಯವಾದರೆ ಒಳಗಿನ ಸಿಟ್ಟೇ ಕಡಿಮೆಯಾಗುತ್ತದೆ. ಆಗ ನಗು ಅಷ್ಟು ಭಾರ ಆಗುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಬರುವ 'ನಾಳೆ ಸ್ಲಾಟ್ ಇದೆಯಾ' ಮೆಸೇಜ್‌ಗೆ ಬೆಳಿಗ್ಗೆ ಉತ್ತರ ಕೊಟ್ಟರೆ ಸಾಕು. ಕೆಲಸ ಮುಗಿದ ಮೇಲೆ ಮನಸ್ಸೂ ಕೆಲಸದಿಂದ ದೂರ ಸರಿದಾಗಲೇ ಚೇತರಿಕೆ ಆಗುವುದು ಎಂಬುದನ್ನು ಈ ವಿಷಯದ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ.

ಆದರೆ ಎಲ್ಲವನ್ನೂ ಕೆಲಸ ಮಾಡುವವರ ತಲೆಗೇ ಕಟ್ಟುವುದು ಅನ್ಯಾಯ. ಕೆಲಸದ ಒತ್ತಡವನ್ನು ಅಧ್ಯಯನ ಮಾಡಿದ ರಾಬರ್ಟ್ ಕರಾಸೆಕ್ 1979ರಲ್ಲೇ ಹೇಳಿದ್ದರು: ಕೆಲಸದ ಹೊರೆ ಜಾಸ್ತಿ, ಆ ಕೆಲಸದ ಮೇಲೆ ಹಿಡಿತ ಕಡಿಮೆ ಇದ್ದಾಗಲೇ ಒತ್ತಡ ಅತಿ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನು, ಅಂದರೆ ದುಡಿದು ದುಡಿದು ಪೂರ್ತಿ ಬಸವಳಿಯುವುದನ್ನು, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದೇ ವಿವರಿಸಿತು, ಕಾಯಿಲೆಗಳ ಸಾಲಿಗೆ ಸೇರಿಸಲಿಲ್ಲ. ಸಲೂನ್ ನಡೆಸುವವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಇಬ್ಬರು ಗ್ರಾಹಕರ ನಡುವೆ ಹತ್ತು ನಿಮಿಷ ಬಿಡುವು, ಕೂತು ಕೆಲಸ ಮಾಡಲು ಒಂದು ಸ್ಟೂಲ್, ಬೈದು ಅವಮಾನಿಸುವ ಗ್ರಾಹಕರಿಗೆ ಬೇಡ ಎನ್ನುವ ಹಕ್ಕು. ಈ ಮೂರನ್ನೂ ಸಲೂನಿನ ನಿಯಮದಲ್ಲೇ ಬರೆದಿಡಬಹುದು.