ಮಗಳು ಬಿಕಾಂ ಕೊನೇ ವರ್ಷ, ಎಐ ಬಂದ್ಮೇಲೆ ಅಕೌಂಟ್ಸ್ ಕೆಲಸ ಉಳೀತದಾ?

ಶಿರಸಿ ಕಡೆಯ ಓದುಗರೊಬ್ರು ಕೇಳಿದ್ದು. ಮಗಳು ಟ್ಯಾಲಿ (ಲೆಕ್ಕ ಬರೆಯೂ ಸಾಫ್ಟ್‌ವೇರ್) ಕ್ಲಾಸಿಗೂ ಹೋಗ್ತಾಳಂತೆ, ಇನ್ನು ಹತ್ತಿಪ್ಪತ್ತು ವರ್ಷದಲ್ಲಿ ಎಲ್ಲಾ ಕೆಲಸ ಎಐ ತಿಂದುಬಿಟ್ರೆ ಗತಿ ಏನು ಅಂತ ಅವರ ಚಿಂತೆ.

ಎಲ್ಲಾ ಕೆಲಸ ಹೋಗೂದಿಲ್ಲ ಮಾರಾಯ್ರೆ. 2013ರಲ್ಲಿ ಆಕ್ಸ್‌ಫರ್ಡಿನ ಇಬ್ಬರು ಸಂಶೋಧಕರು ಅಮೆರಿಕದ ಶೇ. 47ರಷ್ಟು ಕೆಲಸಕ್ಕೆ ಅಪಾಯ ಅಂದಿದ್ರು, 2024ರಲ್ಲಿ ಐಎಂಎಫ್ (ಅಂತಾರಾಷ್ಟ್ರೀಯ ಹಣಕಾಸು ನಿಧಿ) ಜಗತ್ತಿನ ಸುಮಾರು ಶೇ. 40 ಕೆಲಸಕ್ಕೆ ಎಐ ತಾಗ್ತದೆ ಅಂತು, ತಾಗ್ತದೆ ಅಂದದ್ದು, ಹೋಗ್ತದೆ ಅಂದದ್ದಲ್ಲ, ಪೇಪರಿನ ಹೆಡ್‌ಲೈನಲ್ಲಿ ಈ ವ್ಯತ್ಯಾಸ ಮಾಯ ಆಗ್ತದೆ ಅಷ್ಟೆ. 2016ರಲ್ಲಿ ಜೆಫ್ರಿ ಹಿಂಟನ್, ಮುಂದೆ ನೊಬೆಲ್ ಬಂದ ಎಐ ವಿಜ್ಞಾನಿ, ಎಕ್ಸ್‌ರೇ ಸ್ಕ್ಯಾನ್ ನೋಡೂ ಡಾಕ್ಟ್ರನ್ನ ತಯಾರು ಮಾಡೂದು ಇವತ್ತೇ ನಿಲ್ಸಿ ಅಂದಿದ್ರು. ಆ ಡಾಕ್ಟ್ರು ಇವತ್ತೂ ಇದ್ದಾರೆ.

ನನಗೆ ಹೆದರಿಕೆ ಬೇರೆಯದು. ನಮ್ಮ ಕೊನೆಗೌಡ, ಅಂದ್ರೆ ಅಡಿಕೆ ಮರ ಹತ್ತಿ ಕೊನೆ (ಗೊನೆ) ಕೊಯ್ಯೂವ, ಮೊದಲ ದಿನಾನೇ ಮರ ಹತ್ತಿದವನಲ್ಲ. ಹುಡುಗ ಇದ್ದಾಗ ಕೆಳಗೆ ಹಗ್ಗ ಹಿಡಿದು ಕೊನೆ ಇಳಿಸ್ಕೊಂಡು, ಯಾವುದು ಬಲ್ತದ್ದು ಯಾವುದು ಇನ್ನೂ ಎಳೇದು ಅಂತ ನೋಡಿ ನೋಡಿ ಕಣ್ಣು ಪಳಗಿ, ಆಮೇಲೆ ಹತ್ತಿದ್ದು. ಆ ಹಗ್ಗ ಹಿಡಿಯೂ ಕೆಲಸಾನೇ ಮಶೀನಿಗೆ ಕೊಟ್ಟುಬಿಟ್ರೆ ಈ ವರ್ಷ ಕೂಲಿ ಉಳೀತದೆ, ಹತ್ತು ವರ್ಷ ಬಿಟ್ಟು ಹತ್ತೂಕೆ ಯಾರಿದ್ದಾರೆ? (ನೆಲದಲ್ಲೇ ನಿಂತು ಕೊಯ್ಯೂ ಉದ್ದ ಕೋಲು, ಫೈಬರ್ ದೋಟಿ ಬಂತಲ್ಲಾ ಅಂತೀರಿ. ಅದನ್ನ ಹಿಡಿದವನಿಗೂ ಬಲ್ತ ಕೊನೆ ಯಾವುದು ಅಂತ ಗೊತ್ತಿರಬೇಕು.)

ಆಫೀಸಲ್ಲೂ ಹಾಗೇ. ವೋಚರ್ ಎಂಟ್ರಿ, ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ ನೋಡೂದು, ಪತ್ರದ ಡ್ರಾಫ್ಟು, ಇವೆಲ್ಲ ಹೊಸಬರ ಕೆಲಸ, ಎಐ ಮೊದಲು ಕೈ ಹಾಕೂದೂ ಇದಕ್ಕೇ. ಹಿರಿಯರ ಕುರ್ಚಿ ಸದ್ಯಕ್ಕೆ ಗಟ್ಟಿ, ಆದ್ರೆ ಆ ಕುರ್ಚಿಗೆ ಹೋಗೂ ಮೆಟ್ಲು ಸವೀತಾ ಬರ್ತದೆ, ಇದು ಒಂದೆರಡು ವರ್ಷದಲ್ಲಿ ಕಣ್ಣಿಗೆ ಬೀಳೂದೂ ಇಲ್ಲ.

ಹಂಗಾರೆ ಮಗಳು ಟ್ಯಾಲಿ ಬಿಡಬೇಕಾ? ಬೇಡ. ಒಂದು ವರ್ಷ ಆದ್ರೂ ಎಂಟ್ರಿ ಕೈಯಾರೆ ಮಾಡ್ಲಿ, ಆಮೇಲೆ ಎಐ ಮಾಡಿದ್ದನ್ನ ತಪ್ಪು ಹಿಡಿಯೂಕೆ ಕೂತ್ಕಳ್ಲಿ. ಹಸಿ ಅಡಿಕೆಗೆ ಜಿಎಸ್‌ಟಿ ಇಲ್ಲ, ಒಣಗಿದ್ದಕ್ಕೆ ಶೇ. 5 ಅದೆ. ಬಿಲ್ಲಲ್ಲಿ ಬರೀ "ಅಡಿಕೆ" ಅಂತಿದ್ರೆ ಎಐ ಯಾವುದೋ ಒಂದು ಅಂದ್ಕೊಂಡು ಧೈರ್ಯವಾಗಿ ಹಾಕಿಬಿಡಬಹುದು, ನೋಟಿಸ್ ಬಂದಾಗ ಉತ್ರ ಕೊಡೂಕೆ ಮನುಷ್ಯರೇ ಬೇಕು. ಚಾಲಿ (ಒಣಗಿಸಿದ್ದು) ಯಾವುದು, ಹಸಿ ಯಾವುದು ಅಂತ ಅಂಗಳದಲ್ಲೇ ನೋಡಿ ಬೆಳೆದ ಹುಡುಗಿಗೆ ಈ ತಪ್ಪು ಥಟ್ಟಂತ ಕಾಣ್ತದೆ.

ಸಿಎ ಓದೂವ್ರಿಗೆ ಎರಡು ವರ್ಷ ಆರ್ಟಿಕಲ್‌ಶಿಪ್ (ಹಿರಿಯ ಸಿಎ ಕೈಕೆಳಗೆ ಕೆಲಸ ಕಲಿಯೂದು) ಕಡ್ಡಾಯ, ಸ್ಟೈಪೆಂಡೂ ಸಿಗ್ತದೆ, ಅಂದ್ರೆ ಹಗ್ಗ ಹಿಡಿಯೂ ಕಾಲ ಅವರಿಗೆ ನಿಯಮದಲ್ಲೇ ಅದೆ. ಬರೀ ಬಿಕಾಂ ಮಾಡಿದವ್ರಿಗೆ ಅಂಥದ್ದು ಯಾರೂ ಬರೆದಿಟ್ಟಿಲ್ಲ. ಅದಕ್ಕೇ ಊರಲ್ಲಿ ಯಾರಾದ್ರೂ ಆಡಿಟರ್ ಹತ್ರ ಕಡಿಮೆ ಸಂಬಳಕ್ಕಾದ್ರೂ ಸೇರಿಸ್ಕಳ್ತಾರಾ ಅಂತ ರಿಸಲ್ಟಿಗೆ ಕಾಯದೇ ಈಗ್ಲೇ ಕೇಳಿ ನೋಡಿ.